ಹಳೆ ಕಾರಿಗೆ ಯಾವ ಪೆಟ್ರೋಲ್ ಹಾಕಿಸಬೇಕು? ಸಾದಾ, ಪಾವರ್, ಇ20 ಗೊಂದಲ ಬಿಡಿಸೋಣ

"ಅಣ್ಣಾರ, ನಮ್ಮ ಏಟ್‌ಹಂಡ್ರೆಡ್‌ಗೆ ಪಾವರ್ ಹಾಕಿಸ್ಲೇನ್ರಿ?"

ವಾರಕ್ಕೆ ಎರಡು ಸಲವಾದರೂ ಯಾರೋ ಒಬ್ಬರು ಇದನ್ನೇ ಕೇಳುತ್ತಾರೆ. ಕಾರು ಮಾತ್ರ ಬೇರೆ ಬೇರೆ. ಒಬ್ಬರದು ಮಾರುತಿ 800, ಇನ್ನೊಬ್ಬರದು ಓಮ್ನಿ, ಮತ್ತೊಬ್ಬರದು ಅಜ್ಜನ ಕಾಲದ ಅಂಬಾಸಿಡರ್. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಸಲ ಬರೆದಿಡೋಣ ಅಂತ ಕೂತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದುವ ತಾಳ್ಮೆ ಇಲ್ಲದವರಿಗೆ. ಹಳೆ ಕಾರಿಗೆ ಪಾವರ್ ತರಹದ ದುಬಾರಿ ಪೆಟ್ರೋಲ್ ಬೇಕಿಲ್ಲ. ತಾಜಾ ಇರುವ, ನೀರು ಸೇರದ ಸಾದಾ ಪೆಟ್ರೋಲ್ ಸಾಕು. ಆದರೆ ಇವತ್ತಿನ ಸಾದಾ ಪೆಟ್ರೋಲ್‌ನಲ್ಲಿ ಐದನೇ ಒಂದು ಭಾಗ ಎಥೆನಾಲ್ ಇರುತ್ತದೆ (ಇ20 ಅನ್ನುವುದು ಇದಕ್ಕೇ), ನಿಮ್ಮ ಕಾರಿನ ರಬ್ಬರ್ ಪೈಪುಗಳು ಹುಟ್ಟಿದ ಕಾಲದಲ್ಲಿ ಅದು ಇರಲಿಲ್ಲ. ಹಾಗಾಗಿ ಕಾರಿಗೆ ತಕ್ಕ ಪೆಟ್ರೋಲ್ ಹುಡುಕುತ್ತಾ ಬೆಳಗಾವಿಯಿಂದ ಗೋವಾವರೆಗೆ ಅಲೆಯುವುದಕ್ಕಿಂತ, ಸಿಗುವ ಪೆಟ್ರೋಲ್‌ಗೆ ಕಾರನ್ನು ಹೊಂದಿಸಿಕೊಳ್ಳುವುದು ಸುಲಭ. ಖರ್ಚೂ ಕಡಿಮೆ.

ಇಲ್ಲಿ ಹಳೆ ಕಾರು ಅಂದರೆ 2010ಕ್ಕಿಂತ ಹಿಂದಿನದು ಅಂತ ಇಟ್ಟುಕೊಳ್ಳಿ. ಅದರಲ್ಲೂ ಕಾರ್ಬುರೇಟರ್ ಇರುವ ಗಾಡಿಗಳಿಗೆ ಈ ಬರಹ ಜಾಸ್ತಿ ಉಪಯೋಗ.

ಕೈಯಲ್ಲಿ ಏನೇನು ಇರಬೇಕು? ಕಾರಿನ ಮ್ಯಾನುವಲ್ ಪುಸ್ತಕ (ಇದ್ದರೆ), ಒಂದು ಟಾರ್ಚ್, ಪ್ಲಗ್ ಬಿಚ್ಚುವ ಪಾನಾ, ಹೊಸ ಪೆಟ್ರೋಲ್ ಫಿಲ್ಟರ್, ಲೆಕ್ಕ ಬರೆಯಲು ಒಂದು ಸಣ್ಣ ನೋಟ್‌ಬುಕ್. ಮನಸ್ಸಿದ್ದರೆ 100 ಮಿಲಿಯ ಗಾಜಿನ ಅಳತೆ ಜಾಡಿಯೂ ಇರಲಿ, ಶಾಲಾ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ.

1. ಮೊದಲು ನಿಮ್ಮ ಗಾಡಿ ಯಾವ ಕಾಲದ್ದು ಅಂತ ತಿಳಿದುಕೊಳ್ಳಿ

ಆರ್‌ಸಿಯಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಇರುತ್ತದೆ. ಅದನ್ನು ನೋಡಿ. ಕೆಎ-22, 28, 29 ನಂಬರ್ ನೋಡಿ ವಯಸ್ಸು ಊಹಿಸಬೇಡಿ, ಎಷ್ಟೋ ಗಾಡಿಗಳು ಬೇರೆ ಕಡೆಯಿಂದ ಬಂದು ಇಲ್ಲಿ ನಂಬರ್ ಬದಲಾಯಿಸಿಕೊಂಡಿರುತ್ತವೆ.

2000ಕ್ಕಿಂತ ಹಿಂದಿನ ಗಾಡಿಯಾದರೆ ಬಹುತೇಕ ಕಾರ್ಬುರೇಟರ್ ಇರುತ್ತದೆ. ಅಂದರೆ ಗಾಳಿ ಮತ್ತು ಪೆಟ್ರೋಲನ್ನು ಸಣ್ಣ ತೂತುಗಳ ಲೆಕ್ಕದಲ್ಲಿ ಬೆರೆಸುವ ಲೋಹದ ಡಬ್ಬಿ. ಅದಕ್ಕೆ ಯೋಚನೆ ಮಾಡಲು ಬರುವುದಿಲ್ಲ. ತೂತು ಎಷ್ಟಿದೆಯೋ ಅಷ್ಟೇ ಪೆಟ್ರೋಲ್ ಬಿಡುತ್ತದೆ. ಆಮೇಲಿನವು ಎಂಪಿಎಫ್‌ಐ, ಅಂದರೆ ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮಿಸುತ್ತವೆ, ಎಷ್ಟು ಚಿಮ್ಮಿಸಬೇಕು ಅಂತ ಒಂದು ಕಂಪ್ಯೂಟರ್ ಹೇಳುತ್ತದೆ. ಸೈಲೆನ್ಸರ್ ಪೈಪಿನಲ್ಲಿರುವ ಆಮ್ಲಜನಕ ಸೆನ್ಸರ್ ನೋಡಿ ಅದು ಪ್ರಮಾಣವನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಒಂದು ಮಿತಿವರೆಗೆ.

ಗುರುತಿಸುವುದು ಸುಲಭ. ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ನೋಡಿ. ಅದರ ಕೆಳಗೆ ಚೋಕ್ ವೈರ್ ಸೇರಿಕೊಂಡ ಕಾರ್ಬುರೇಟರ್ ಕಂಡರೆ ನಿಮ್ಮದು ಮೊದಲ ಗುಂಪು. ಡ್ಯಾಶ್‌ಬೋರ್ಡಿನಲ್ಲಿ ಕೀ ತಿರುಗಿಸಿದಾಗ ಎಂಜಿನ್ ಚಿತ್ರದ ಹಳದಿ ಲೈಟ್ ಹತ್ತಿ, ಗಾಡಿ ಶುರುವಾದ ಮೇಲೆ ಆರಿದರೆ ಎರಡನೆಯದು.

ಪೆಟ್ರೋಲ್ ಮುಚ್ಚಳದ ಒಳಗೊಮ್ಮೆ ನೋಡಿ. 2023ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಅಲ್ಲಿ ಇ20 ಸ್ಟಿಕ್ಕರ್ ಕಾಣುತ್ತದೆ. ನಿಮ್ಮದರಲ್ಲಿ ಇರುವುದಿಲ್ಲ. ಹಳೆ ಗಾಡಿ ಮಾರುವ ಯಾರಾದರೂ ಸ್ಟಿಕ್ಕರ್ ಅಂಟಿಸಿ "ಇ20 ರೆಡಿ" ಅಂದರೆ ನಕ್ಕು ಮುಂದೆ ಹೋಗಿ.

2. ಆಕ್ಟೇನ್ ಅಂದರೆ ಶಕ್ತಿ ಅಲ್ಲ

ಎಲ್ಲರೂ ಎಡವುವುದು ಇಲ್ಲೇ. ಆಕ್ಟೇನ್ ಅನ್ನುವ ಅಂಕಿ ಪೆಟ್ರೋಲ್‌ನ ತಾಕತ್ತು ಹೇಳುವುದಿಲ್ಲ, ಅದರ ತಾಳ್ಮೆ ಹೇಳುತ್ತದೆ. ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಒತ್ತಿದಾಗ ಬಿಸಿಯಾಗುತ್ತವೆ. ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಹರಡಿಕೊಂಡು ಹೋಗಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನಾಗಿ ಸಿಡಿದರೆ ಟಕಟಕ ಸದ್ದು ಬರುತ್ತದೆ. ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ ಹಾಗೆ. ಮಿಸ್ತ್ರಿಗಳು ಇದನ್ನೇ ನಾಕಿಂಗ್ ಅನ್ನುವುದು. ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲ್ ಹಾಗೆ ಬೇಗ ಸಿಡಿಯುವುದಿಲ್ಲ. ಅಷ್ಟೇ ಅದರ ಕೆಲಸ.

ಹೆಚ್ಚು ಒತ್ತುವ ಎಂಜಿನ್‌ಗೆ ಹೆಚ್ಚು ಆಕ್ಟೇನ್ ಬೇಕು. ಕಾರ್ಬುರೇಟರ್ ಇರುವ ಮಾರುತಿ 800ರ 796 ಸಿಸಿ ಎಂಜಿನ್ ಒತ್ತುವುದು 8.7ಕ್ಕೆ 1ರ ಲೆಕ್ಕದಲ್ಲಿ. ಇದು ಸಾಧು ಎಂಜಿನ್. ಬಿಎಸ್-2 (ಬಿಎಸ್ ಅಂದರೆ ಗಾಡಿ ಹೊಗೆಗೆ ಸರ್ಕಾರ ಇಟ್ಟ ಮಿತಿ) ಕಾಲದಲ್ಲಿ ನಮ್ಮ ಸಾದಾ ಪೆಟ್ರೋಲ್ 88 ಆಕ್ಟೇನ್ ಇತ್ತು, ಅದರಲ್ಲೇ ಈ ಗಾಡಿಗಳು ಊರೂರು ಸುತ್ತಿದವು. ಬಿಎಸ್-4ರಲ್ಲಿ 91 ಆಯಿತು. ಈಗ ಶೇಕಡಾ 20 ಎಥೆನಾಲ್ ಸೇರಿದ ಮೇಲೆ ಅದು 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ, ಯಾಕೆಂದರೆ ಎಥೆನಾಲ್‌ಗೆ ಮೂಲದಲ್ಲೇ 108ರ ಆಸುಪಾಸು ಆಕ್ಟೇನ್ ಇದೆ.

ಅಂದರೆ ಸಾದಾ ಪೆಟ್ರೋಲ್‌ನ ಆಕ್ಟೇನೇ ನಿಮ್ಮ ಗಾಡಿಗೆ ಬೇಕಾದ್ದಕ್ಕಿಂತ ಜಾಸ್ತಿ ಇದೆ. ಎಕ್ಸ್‌ಪಿ95, ಪಾವರ್, ಸ್ಪೀಡ್ ಅಂತ ಮಾರುವ ಪೆಟ್ರೋಲ್‌ನಲ್ಲಿ ಇಂಜೆಕ್ಟರ್ ಸ್ವಚ್ಛ ಮಾಡುವ ರಾಸಾಯನಿಕಗಳೂ ಇರುತ್ತವೆ ನಿಜ. ಎಂಪಿಎಫ್‌ಐ ಗಾಡಿಯವರು ಆಗೊಮ್ಮೆ ಈಗೊಮ್ಮೆ ಒಂದು ಟಾಕಿ ಹಾಕಿಸಿದರೆ ತಪ್ಪಿಲ್ಲ. ಕಾರ್ಬುರೇಟರ್ ಗಾಡಿಗೆ ಪ್ರತಿ ಸಲ ಹಾಕಿಸುವುದು ಸುಮ್ನೆ ದುಡ್ಡು ದಂಡ. ಇನ್ನೊಂದು ಮಾತು, ಪ್ರೀಮಿಯಂ ಅಂದ ಮಾತ್ರಕ್ಕೆ ಅದರಲ್ಲಿ ಎಥೆನಾಲ್ ಇಲ್ಲ ಅಂತ ತಿಳಿಯಬೇಡಿ.

ಪರೀಕ್ಷೆ ಮಾಡಬೇಕಾ? ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒಂದು ಏರು ಹುಡುಕಿ. ಬೆಳಗಾವಿಯವರಿಗೆ ವಂಟಮುರಿ ಘಾಟ್ ಇದೆ. ಬಾಗಲಕೋಟೆ, ವಿಜಯಪುರದವರು ಯಾವುದಾದರೂ ಮೇಲ್ಸೇತುವೆ ನೋಡಿಕೊಳ್ಳಿ. ಮೂರನೇ ಗೇರಿನಲ್ಲಿ 30ರ ಆಸುಪಾಸು ಇಟ್ಟುಕೊಂಡು, ಹಿಂದೆ ಗಾಡಿ ಇಲ್ಲ ಅಂತ ನೋಡಿ, ಎಕ್ಸಿಲರೇಟರ್ ಒತ್ತಿ. ಕಿಟಕಿ ಇಳಿಸಿರಿ. ಟಕಟಕ ಇಲ್ಲದಿದ್ದರೆ ಆಕ್ಟೇನ್ ವಿಷಯ ಇಲ್ಲಿಗೆ ಮರೆತುಬಿಡಿ. ಸದ್ದು ಬಂದರೂ ಕೂಡಲೇ ಪಾವರ್ ಪಂಪ್‌ಗೆ ಓಡಬೇಡಿ. ಹಳೆ ಗಾಡಿಯಲ್ಲಿ ಅದು ಹೆಚ್ಚಾಗಿ ಕಿಡಿ ಹೊಡೆಯುವ ಟೈಮಿಂಗ್ ಮುಂದೆ ಇಟ್ಟಿರುವುದರಿಂದ, ಸಿಲಿಂಡರ್ ತಲೆಯಲ್ಲಿ ಕಾರ್ಬನ್ ಕಟ್ಟಿರುವುದರಿಂದ, ಇಲ್ಲಾ ರೇಡಿಯೇಟರ್ ಸರಿ ತಣಿಸದೆ ಇರುವುದರಿಂದ ಬರುತ್ತದೆ. ಅದನ್ನು ಸರಿಮಾಡಿಸಿ.

3. ಎಥೆನಾಲ್ ಏನು ಮಾಡುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಹಳೆ ಕಾರಿನ ನಿಜವಾದ ವಿಷಯ ಇಲ್ಲಿದೆ.

ಇ20 ಅಂದರೆ 100 ಮಿಲಿಯಲ್ಲಿ 20 ಮಿಲಿ ಎಥೆನಾಲ್. ದೇಶದಲ್ಲಿ 2022ರಲ್ಲಿ ಶೇಕಡಾ 10 ತಲುಪಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇ20 ಬಿಡುಗಡೆ ಆಯಿತು, ಎರಡು ವರ್ಷದಲ್ಲಿ ಎಲ್ಲ ಕಡೆ ಅದೇ ಬಂತು. ಎಥೆನಾಲ್ ಇಲ್ಲದ ಪೆಟ್ರೋಲ್‌ನ ಆಯ್ಕೆಯೂ ಇರಲಿ ಎಂದು ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಾಗಿ ಕಾಯುತ್ತಾ ಕೂರುವುದರಲ್ಲಿ ಅರ್ಥ ಇಲ್ಲ. ನಮ್ಮ ಕಡೆಯವರಿಗೆ ಇದು ದೂರದ ವಸ್ತುವೂ ಅಲ್ಲ. ಸೀಸನ್‌ನಲ್ಲಿ ಮುಧೋಳ, ಜಮಖಂಡಿ, ಅಥಣಿ ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡು ಬೈದುಕೊಳ್ಳುತ್ತೀರಲ್ಲ, ಆ ಕಬ್ಬಿನಲ್ಲೇ ಒಂದು ಪಾಲು ಸ್ಪಿರಿಟ್ ಆಗಿ ನಿಮ್ಮ ಟಾಕಿಗೆ ಬರುವುದು. ಕಬ್ಬಿನ ಬಿಲ್ಲಿಗೆ ಕಾಯುವ ರೈತನೇ ತನ್ನ ಓಮ್ನಿಗೆ ಅದನ್ನು ದುಡ್ಡು ಕೊಟ್ಟು ಹಾಕಿಸುತ್ತಾನೆ.

ಎಥೆನಾಲ್‌ಗೆ ನಾಲ್ಕು ಗುಣ ಇವೆ.

ಮೊದಲನೆಯದು, ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲ್‌ನ ಸುಮಾರು ಮೂರನೇ ಎರಡು ಭಾಗ ಮಾತ್ರ. ಅದಕ್ಕೇ ಆವರೇಜ್ ಇಳಿಯುತ್ತದೆ. ಹಳೆ ಲೆಕ್ಕದ ನಾಲ್ಕು ಚಕ್ರದ ಗಾಡಿಗಳಲ್ಲಿ ಶೇಕಡಾ 6ರಿಂದ 7 ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. 16 ಕೊಡುತ್ತಿದ್ದ ಗಾಡಿ 15 ಕೊಟ್ಟರೆ ಅದು ಎಥೆನಾಲ್. 16 ಕೊಡುತ್ತಿದ್ದದ್ದು 11 ಕೊಟ್ಟರೆ ಎಥೆನಾಲ್‌ಗೆ ಬೈಯಬೇಡಿ, ಗಾಡಿಯಲ್ಲಿ ಬೇರೇನೋ ಕೆಟ್ಟಿದೆ.

ಎರಡನೆಯದು, ಎಥೆನಾಲ್ ತನ್ನಲ್ಲೇ ಆಮ್ಲಜನಕ ಇಟ್ಟುಕೊಂಡಿದೆ. ಕಾರ್ಬುರೇಟರ್ ಮೊದಲಿನಷ್ಟೇ ಪೆಟ್ರೋಲ್ ಬಿಡುತ್ತಾ ಹೋದರೆ ಮಿಶ್ರಣ ಬಡವಾಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಗಾಡಿ ಬೆಳಗ್ಗೆ ತಡವರಿಸುತ್ತದೆ, ಎಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಉಸಿರು ಹಿಡಿದ ಹಾಗೆ ಮಾಡುತ್ತದೆ, ಎಂಜಿನ್ ಬಿಸಿ ಜಾಸ್ತಿ.

ಮೂರನೆಯದು ರಬ್ಬರ್. ಹಳೆ ಪೈಪು, ಗಾಡಿಯ ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ), ಕಾರ್ಬುರೇಟರ್‌ನ ಸೂಜಿ ತುದಿ, ಕಾರ್ಕ್ ಪ್ಯಾಕಿಂಗ್ ಇವೆಲ್ಲ ಎಥೆನಾಲ್‌ನಲ್ಲಿ ಉಬ್ಬುತ್ತವೆ, ಮೆತ್ತಗಾಗುತ್ತವೆ, ಒಣಗಿದಾಗ ಬಿರುಕು ಬಿಡುತ್ತವೆ.

ನಾಲ್ಕನೆಯದು ನೀರು. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಸ್ವಲ್ಪ ನೀರನ್ನು ತನ್ನೊಳಗೇ ಅಡಗಿಸಿಕೊಳ್ಳುತ್ತದೆ, ಆದರೆ ಮಿತಿ ದಾಟಿದರೆ ನೀರು ಮತ್ತು ಎಥೆನಾಲ್ ಒಟ್ಟಿಗೆ ಬೇರ್ಪಟ್ಟು ಟಾಕಿಯ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಪೆಟ್ರೋಲ್ ಹೋಗುವುದು ತಳದಿಂದಲೇ ಅಲ್ವಾ? ಗಾಡಿ ಅಲ್ಲೇ ನಿಂತಿತು ಅಂತ ತಿಳಿಯಿರಿ.

ನಂಬಿಕೆ ಬರಲಿಲ್ಲ ಅಂದರೆ ಜಾಡಿ ತೆಗೆಯಿರಿ. ಇದನ್ನು ಅಂಗಳದಲ್ಲೇ ಮಾಡಬೇಕು, ಅಡುಗೆಮನೆಯಲ್ಲಿ ಖಂಡಿತ ಬೇಡ, ಹತ್ತಿರ ಬೀಡಿ, ಒಲೆ, ದೀಪ ಏನೂ ಇರಬಾರದು. ಜಾಡಿಗೆ 20 ಮಿಲಿ ನೀರು ಹಾಕಿ. ಮೇಲೆ 80 ಮಿಲಿ ಪೆಟ್ರೋಲ್ ಹಾಕಿ 100ರ ಗೆರೆಗೆ ತನ್ನಿ. ಬಿರಡೆ ಹಾಕಿ ಮೆಲ್ಲಗೆ ನಾಲ್ಕಾರು ಸಲ ತಲೆಕೆಳಗು ಮಾಡಿ, ನಡುವೆ ಬಿರಡೆ ತೆಗೆದು ಒಳಗಿನ ಗಾಳಿ ಬಿಡಿ. ಹತ್ತು ನಿಮಿಷ ಅಲುಗಾಡಿಸದೆ ಇಡಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗೆ ಸೇರಿಕೊಳ್ಳುತ್ತದೆ. ನಡುವಿನ ಗೆರೆ 20ರಲ್ಲೇ ನಿಂತರೆ ಎಥೆನಾಲ್ ಇಲ್ಲ. 28ರ ಹತ್ತಿರ ಬಂದರೆ ಶೇಕಡಾ 10. 35ರ ಆಸುಪಾಸು ಬಂದರೆ ಅದೇ ನಮ್ಮ ಇ20. ನಾನು ಮೊದಲ ಸಲ ನೋಡಿದಾಗ ಆ ಗೆರೆ ಮೇಲೇರಿದ್ದು ನೋಡಿ ಮಗಳು "ಅಪ್ಪಾ, ನೀರು ಬೆಳೀತು" ಅಂದಳು. ಆ ಪೆಟ್ರೋಲನ್ನು ಮತ್ತೆ ಟಾಕಿಗೆ ಸುರಿಯಬೇಡಿ, ಗಟಾರಕ್ಕೂ ಬೇಡ.

4. ಪೈಪು, ಪ್ಯಾಕಿಂಗ್ ಬದಲಾಯಿಸಿ. ಇದನ್ನು ಮುಂದೂಡಬೇಡಿ

ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಪಾವರ್ ಪೆಟ್ರೋಲ್‌ಗೆ ಕೊಡುವ ಹೆಚ್ಚಿನ ದುಡ್ಡನ್ನು ಕೆಲವು ತಿಂಗಳು ಕೂಡಿಸಿದರೆ ಒಳ್ಳೆ ಪೈಪು ಬರುತ್ತದೆ.

ಎಂಜಿನ್ ತಣ್ಣಗಿದ್ದಾಗ ಟಾರ್ಚ್ ಹಿಡಿದು ಟಾಕಿಯಿಂದ ಕಾರ್ಬುರೇಟರ್‌ವರೆಗಿನ ಎಲ್ಲ ರಬ್ಬರ್ ಪೈಪು ನೋಡಿ. ಹೋಗುವ ಪೈಪು ಅಷ್ಟೇ ಅಲ್ಲ, ಉಳಿದ ಪೆಟ್ರೋಲ್ ವಾಪಸ್ ಬರುವ ಪೈಪು, ಆವಿ ಹೋಗುವ ಪೈಪು, ಪೆಟ್ರೋಲ್ ಸುರಿಯುವ ಕತ್ತಿನ ದಪ್ಪ ಪೈಪು ಸಹ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಬೆರಳಿನಲ್ಲಿ ಹಿಸುಕಿ ನೋಡಿ. ಜೇಡಿಮಣ್ಣಿನ ಹಾಗೆ ಮೆತ್ತಗಿದ್ದರೂ ತಪ್ಪು, ಒಣ ಕಟ್ಟಿಗೆ ಹಾಗೆ ಗಟ್ಟಿ ಇದ್ದರೂ ತಪ್ಪು. ಬಗ್ಗಿಸಿದಾಗ ಹೊರಗೆ ಸಣ್ಣ ಗೀರು ಕಂಡರೆ, ಕ್ಲಿಪ್ ಹತ್ತಿರ ಒದ್ದೆ ಕಂಡರೆ, ಆ ದಿನವೇ ಬದಲಾಯಿಸಿ. ನನ್ನ 1997ರ 800ರಲ್ಲಿ ಹೊರಗಿನಿಂದ ಪೈಪು ಹೊಸದರಂತೆ ಕಾಣುತ್ತಿತ್ತು. ಕತ್ತರಿಸಿ ನೋಡಿದರೆ ಒಳಪದರ ಹಪ್ಪಳದ ಹಾಗೆ ಎದ್ದು ಬಂದಿತ್ತು.

ಅಂಗಡಿಯಲ್ಲಿ "ಪೆಟ್ರೋಲ್ ಪೈಪು ಕೊಡಿ" ಅಂದರೆ ಎದುರಿಗಿರುವ ಅಗ್ಗದ್ದು ಕೊಡುತ್ತಾರೆ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿದೆಯಾ ನೋಡಿ. ಅದರ ಒಳಪದರ ವೈಟನ್ ಜಾತಿಯ ರಬ್ಬರ್, ಎಥೆನಾಲ್ ತಡೆಯುತ್ತದೆ. ಎಂಪಿಎಫ್‌ಐ ಗಾಡಿಗೆ ಇದು ಕಡ್ಡಾಯ, ಅಲ್ಲಿ ಒತ್ತಡ ಜಾಸ್ತಿ. ಪಾರದರ್ಶಕ ಪ್ಲಾಸ್ಟಿಕ್ ಪೈಪು, ಬೈಕಿನ ಪೈಪು, ನೀರಿನ ಪೈಪು ಯಾವುದೂ ಬೇಡ. ಕ್ಲಿಪ್ಪನ್ನೂ ಹೊಸದು ಹಾಕಿ.

ಕಾರ್ಬುರೇಟರ್‌ಗೆ ರಿಪೇರಿ ಕಿಟ್ ಸಿಗುತ್ತದೆ, ಅದರಲ್ಲಿ ಪ್ಯಾಕಿಂಗ್, ಸೂಜಿ, ಸಣ್ಣ ಡಯಾಫ್ರಮ್ ಎಲ್ಲ ಇರುತ್ತವೆ. ಕೈಗೆ ಸಿಗದ ಕಿಟ್ ಸಿಕ್ಕಿತು ಅಂತ ಇಪ್ಪತ್ತು ವರ್ಷ ಗೋಡೌನಿನಲ್ಲಿ ಬಿದ್ದ ಹಳೆ ಸ್ಟಾಕ್ ತರಬೇಡಿ. ಅದರ ರಬ್ಬರ್ ಕೂಡ ನಿಮ್ಮ ಕಾರಿನಷ್ಟೇ ಹಳೆಯದು.

ಅಂಬಾಸಿಡರ್‌ನ ಹಳೆ 1489 ಸಿಸಿ ಎಂಜಿನ್ ಇರುವವರಿಗೆ ಒಂದು ಮಾತು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಹಾಕಿದ ಪೆಟ್ರೋಲ್ ನಿಂತುಹೋಯಿತು. ಆ ಸೀಸವೇ ವಾಲ್ವ್ ಕೂರುವ ಜಾಗಕ್ಕೆ ಮೆತ್ತೆಯ ಹಾಗೆ ಇತ್ತು. ಎರಕದ ಕಬ್ಬಿಣದ ಹೆಡ್‌ನಲ್ಲಿ ಸೀಟ್ ನೇರವಾಗಿ ಕೊರೆದಿದ್ದರೆ ನಿಧಾನವಾಗಿ ಸವೆದು ವಾಲ್ವ್ ಒಳಗೆ ಇಳಿಯುತ್ತದೆ, ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಯ ಹತ್ತಿರ ಬಿಡುವ ಸಣ್ಣ ಸಂದು) ಪದೇ ಪದೇ ಕಡಿಮೆಯಾಗುತ್ತದೆ. ಹಾಗಾಗುತ್ತಿದ್ದರೆ ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಕೂರಿಸಿಕೊಳ್ಳಿ. ಮಾರುತಿಯವರಿಗೆ ಈ ಚಿಂತೆ ಇಲ್ಲ.

5. ಪಂಪ್ ಆರಿಸುವುದು

ಕಂಪನಿ ಯಾವುದು ಅನ್ನುವುದಕ್ಕಿಂತ ಪಂಪಿನಲ್ಲಿ ಮಾಲು ಎಷ್ಟು ಬೇಗ ಖಾಲಿಯಾಗುತ್ತದೆ ಅನ್ನುವುದು ಮುಖ್ಯ. ಹೈವೇ ಮೇಲಿನ, ದಿನವೆಲ್ಲ ಸಾಲು ನಿಲ್ಲುವ ಪಂಪಿನಲ್ಲಿ ಪೆಟ್ರೋಲ್ ತಾಜಾ ಇರುತ್ತದೆ. ಪ್ರೀಮಿಯಂ ಪೆಟ್ರೋಲ್‌ನ ಇನ್ನೊಂದು ತೊಂದರೆ ಇದೇ. ಸಣ್ಣ ಊರಿನಲ್ಲಿ ಅದನ್ನು ಕೇಳುವವರೇ ಕಡಿಮೆ, ವಾರಗಟ್ಟಲೆ ನೆಲದೊಳಗಿನ ಟಾಕಿಯಲ್ಲೇ ಕೂತಿರುತ್ತದೆ.

ಮಳೆಗಾಲದಲ್ಲಿ ಜಾಸ್ತಿ ಹುಷಾರಾಗಿರಿ. ಬೆಳಗಾವಿ, ಖಾನಾಪುರ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೇಗೆ ಹಿಡಿಯುತ್ತದೆ ಅಂತ ನಿಮಗೇ ಗೊತ್ತು. ಅಂಗಳದಲ್ಲಿ ನೀರು ನಿಲ್ಲುವ ಪಂಪ್ ಇದ್ದರೆ ಅಲ್ಲಿಂದ ದೂರ ಇರಿ. ಟ್ಯಾಂಕರ್ ಬಂದು ಪೆಟ್ರೋಲ್ ಇಳಿಸುತ್ತಿದ್ದರೆ ಆಗ ಹಾಕಿಸಬೇಡಿ. ತಳದ ಕಸ, ನೀರು ಎಲ್ಲ ಕದಡಿ ಎದ್ದಿರುತ್ತದೆ.

ಅನುಮಾನ ಬಂದರೆ ಪಂಪಿನಲ್ಲೇ ಕೇಳಿ, ಇದು ನಿಮ್ಮ ಹಕ್ಕು. ಫಿಲ್ಟರ್ ಪೇಪರ್ ಪರೀಕ್ಷೆ: ನಾಜಲ್ ತುದಿ ಒರೆಸಿ ಒಂದು ಹನಿ ಪೇಪರ್ ಮೇಲೆ ಬಿಡುತ್ತಾರೆ, ಆರಿದ ಮೇಲೆ ಕಲೆ ಉಳಿಯಬಾರದು. ಉಳಿದರೆ ಸೀಮೆಎಣ್ಣೆ, ಡೀಸೆಲ್ ತರಹದ್ದೇನೋ ಸೇರಿದೆ. ಡೆನ್ಸಿಟಿ ಪರೀಕ್ಷೆ: ಉದ್ದನೆ ಜಾಡಿಯಲ್ಲಿ ಪೆಟ್ರೋಲ್ ತುಂಬಿ ಹೈಡ್ರೋಮೀಟರ್ ತೇಲಿಬಿಡುತ್ತಾರೆ, ಉಷ್ಣತೆ ಅಳೆದು ಚಾರ್ಟ್ ನೋಡಿ 15 ಡಿಗ್ರಿಗೆ ಲೆಕ್ಕ ಹಾಕುತ್ತಾರೆ. ಪಂಪಿನವರು ಬರೆದಿಟ್ಟ ಅಂಕಿಗೂ ಇದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅಳತೆ ಬಗ್ಗೆ ಅನುಮಾನ ಇದ್ದರೆ 5 ಲೀಟರ್ ಅಳತೆ ಪಾತ್ರೆ ಇರಲೇಬೇಕು, 25 ಮಿಲಿವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶ. ಜಗಳ ಆಡಬೇಕಿಲ್ಲ, ನಗುತ್ತಾ ಕೇಳಿ. ಬಿಲ್ ಮಾತ್ರ ಇಟ್ಟುಕೊಳ್ಳಿ, ಗಾಡಿ ನಿಂತರೆ ಅದೇ ಸಾಕ್ಷಿ.

ಇನ್ನು ಗೋವಾ ಪೆಟ್ರೋಲ್. ಚೋರ್ಲಾ ಘಾಟ್ ಇಳಿದು ಹೋದವರು ವಾಪಸ್ ಬರುವಾಗ ಟಾಕಿ ತುಂಬಿಸಿಕೊಂಡು ಬರುತ್ತಾರೆ, ಅಲ್ಲಿ ತೆರಿಗೆ ಕಡಿಮೆ ಇರುವುದರಿಂದ ಸಾಮಾನ್ಯವಾಗಿ ಅಗ್ಗ. ಅದಕ್ಕಾಗಿ ತುಂಬಿಸಿ, ತಪ್ಪಿಲ್ಲ. ಆದರೆ "ಅಲ್ಲಿಯದು ಶುದ್ಧ" ಅನ್ನುವುದು ಬರೀ ಮಾತು. ಅಲ್ಲೂ ಅದೇ ಇ20, ಸೊಲ್ಲಾಪುರದಲ್ಲೂ ಅದೇ.

ಬೆಳಗ್ಗೆ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನುವುದೂ ಅಷ್ಟೇ. ಟಾಕಿ ನೆಲದೊಳಗಿದೆ, ಅಲ್ಲಿ ಬೆಳಗ್ಗೆ ಮಧ್ಯಾಹ್ನ ಎಲ್ಲ ಹೆಚ್ಚು ಕಡಿಮೆ ಒಂದೇ.

6. ಮೊದಲ ಮೂರು ಟಾಕಿ ಕಣ್ಣಿಟ್ಟು ನೋಡಿ

ಬಹಳ ದಿನ ನಿಂತಿದ್ದ ಗಾಡಿ, ಅಥವಾ ಈಗಷ್ಟೇ ಕೊಂಡ ಹಳೆ ಗಾಡಿಯಾದರೆ ಈ ಹಂತ ಮುಖ್ಯ. ಎಥೆನಾಲ್ ಒಳ್ಳೆ ಸಾಬೂನಿನ ಹಾಗೆ. ಇಪ್ಪತ್ತು ವರ್ಷದಿಂದ ಟಾಕಿಗೆ ಅಂಟಿಕೊಂಡ ಜಿಗುಟನ್ನು ಬಿಡಿಸಿ ತಂದು ಫಿಲ್ಟರ್‌ಗೆ ತುಂಬುತ್ತದೆ. ಹಾಗಾಗಿ ಎರಡನೇ ಟಾಕಿ ಮುಗಿದಾಗ ಫಿಲ್ಟರ್ ಬದಲಾಯಿಸಿ, ನಾಲ್ಕನೆಯದಕ್ಕೆ ಮತ್ತೊಮ್ಮೆ. ಹೊಸ ಫಿಲ್ಟರ್ ಒಂದು ಗಾಡಿಯಲ್ಲೇ ಇರಲಿ. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆ ಇರಬೇಕು, ಉಲ್ಟಾ ಹಾಕಿ ಒದ್ದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ನೋಟ್‌ಬುಕ್‌ನಲ್ಲಿ ದಿನಾಂಕ, ಕಿಲೋಮೀಟರ್, ಲೀಟರ್ ಬರೆಯಿರಿ. ಪ್ರತಿ ಸಲ ನಾಜಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿದರೆ ಮಾತ್ರ ಲೆಕ್ಕ ಸರಿ ಬರುತ್ತದೆ. ಎರಡು ನೂರು ರೂಪಾಯಿದು ಹಾಕಿಸಿ ಮುಳ್ಳು ನೋಡಿ ಆವರೇಜ್ ಹೇಳುವವರ ಮಾತು ನಂಬಬೇಡಿ.

ಪೆಟ್ರೋಲ್ ವಾಸನೆ ಕ್ಯಾಬಿನ್ ಒಳಗೆ ಬಂದರೆ ಗಾಡಿ ನಿಲ್ಲಿಸಿ. "ಹಳೆ ಗಾಡಿ, ವಾಸನೆ ಇರೋದೇ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಬಿಸಿ ಸೈಲೆನ್ಸರ್ ಮೇಲೆ ಹನಿ ಬಿದ್ದರೆ ಗಾಡಿ ಉಳಿಯುವುದಿಲ್ಲ.

7. ಕಾರ್ಬುರೇಟರ್ ಹೊಂದಿಸುವುದು

ಇದನ್ನು ಕೈಪಳಗಿದ ಮಿಸ್ತ್ರಿ ಹತ್ತಿರ ಮಾಡಿಸಿ. ಹೊಸ ಹುಡುಗರಲ್ಲಿ ಬಹಳ ಜನ ಕಾರ್ಬುರೇಟರ್ ಬಿಚ್ಚಿಯೇ ನೋಡಿಲ್ಲ, ಅದು ಅವರ ತಪ್ಪೂ ಅಲ್ಲ. ಬೆಳಗಾವಿ, ವಿಜಯಪುರದಂಥ ಊರಿನಲ್ಲಿ ಹಳೆ ಗ್ಯಾರೇಜಿನ ಒಬ್ಬರಾದರೂ ಸಿಗುತ್ತಾರೆ. ನೀವು ಹೇಳಬೇಕಾದ್ದು ಇಷ್ಟೇ: "ಇ20 ಬಂದ ಮೇಲೆ ಮಿಶ್ರಣ ಬಡವಾಗಿದೆ, ಸ್ವಲ್ಪ ಪೆಟ್ರೋಲ್ ಜಾಸ್ತಿ ಮಾಡಿ."

ಮೊದಲು ಪ್ಲಗ್ ಬಿಚ್ಚಿ ತುದಿ ನೋಡಿ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಸರಿ ಇದೆ, ಮುಟ್ಟಬೇಡಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಬಡವಾಗಿದೆ. ಕಾಡಿಗೆ ಹಾಗೆ ಕರ್ರಗಿದ್ದರೆ ಪೆಟ್ರೋಲ್ ಈಗಾಗಲೇ ಜಾಸ್ತಿ. ಬೆಳ್ಳಗಿದ್ದರೆ ಐಡಲ್ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು, ಅರ್ಧ ಸುತ್ತು ಬಿಚ್ಚಿ ನೋಡುತ್ತಾರೆ. ಆದರೆ ಆ ಸ್ಕ್ರೂ ನಿಂತಾಗಿನ ಓಟಕ್ಕೆ ಮಾತ್ರ. ರೋಡಿನಲ್ಲಿ ಓಡುವಾಗಿನ ಲೆಕ್ಕ ಮೇನ್ ಜೆಟ್‌ನದು (ಪೆಟ್ರೋಲ್ ಬಿಡುವ ಮುಖ್ಯ ತೂತಿನ ಬಿಡಿಭಾಗ), ಅದನ್ನು ಒಂದು ಸೈಜ್ ದೊಡ್ಡದು ಹಾಕಬೇಕಾಗಬಹುದು. ಸೂಜಿ ತೂರಿಸಿ ಜೆಟ್ ತೂತು ದೊಡ್ಡದು ಮಾಡುವ ಮಿಸ್ತ್ರಿ ಸಿಕ್ಕರೆ ಚಹಾ ಕುಡಿದು ಎದ್ದು ಬನ್ನಿ. ತೂತು ಒಮ್ಮೆ ಅಡ್ಡಾದಿಡ್ಡಿ ಆದರೆ ಆ ಜೆಟ್ ಎಸೆಯಬೇಕಷ್ಟೇ.

ಡೆಲ್ಕೊ, ಅಂದರೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ಅದರ ಟೈಮಿಂಗ್ ಕೂಡ ಅದೇ ದಿನ ಲೈಟ್ ಹಿಡಿದು ನೋಡಿಸಿ. ಅದರೊಳಗೆ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟ್ ಸವೆದಿದ್ದರೆ ಎಷ್ಟು ಒಳ್ಳೆ ಪೆಟ್ರೋಲ್ ಹಾಕಿದರೂ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ.

ಎಂಪಿಎಫ್‌ಐ ಗಾಡಿಯವರು ಏನೂ ತಿರುಗಿಸಬೇಕಿಲ್ಲ. ಎಂಜಿನ್ ಲೈಟ್ ಹತ್ತಿಕೊಂಡೇ ಇದ್ದರೆ ಸ್ಕ್ಯಾನ್ ಮಾಡಿಸಿ, ಹೆಚ್ಚಾಗಿ ಆಮ್ಲಜನಕ ಸೆನ್ಸರ್ ಸತ್ತಿರುತ್ತದೆ.

8. ಬಿಸಿಲು, ಮಳೆ, ನಿಂತ ಗಾಡಿ

ವಿಜಯಪುರ, ಬಾಗಲಕೋಟೆಯ ಏಪ್ರಿಲ್, ಮೇ ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ನಿಂತುಬಿಡುತ್ತದೆ. ಇದನ್ನು ವೇಪರ್ ಲಾಕ್ ಅನ್ನುತ್ತಾರೆ. ಗಾಡಿ ಓಡಿಸಿ ಸಂತೆಯಲ್ಲಿ ಹತ್ತು ನಿಮಿಷ ನಿಲ್ಲಿಸಿದಿರಿ, ಮತ್ತೆ ಶುರುವೇ ಆಗುವುದಿಲ್ಲ. ಪೆಟ್ರೋಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿರುವ ಹಳೆ ಗಾಡಿಗಳಲ್ಲಿ ಇದು ಜಾಸ್ತಿ. ಹಳೆಯ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು, ಅದು ಈಗಲೂ ಕೆಲಸ ಮಾಡುತ್ತದೆ. ಪೈಪು ಸೈಲೆನ್ಸರ್ ಬಿಸಿಗೆ ತಾಗದ ಹಾಗೆ ದೂರ ಕಟ್ಟಿಸಿ, ನಡುವೆ ಒಂದು ತಗಡು ಅಡ್ಡ ಇಡಿಸಿ. ಬಿಸಿಲಲ್ಲಿ ನಿಲ್ಲಿಸುವುದಿದ್ದರೆ ಬಾಯಿವರೆಗೆ ತುಂಬಿಸಬೇಡಿ. ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ, 800ರ 28 ಲೀಟರ್ ಟಾಕಿಯಲ್ಲಿ 15 ಡಿಗ್ರಿ ಏರಿದರೆ ಸುಮಾರು 400 ಮಿಲಿ. ನಾಜಲ್ ಒಮ್ಮೆ ಕಟ್ ಆದರೆ ಸಾಕು, "ರೌಂಡ್ ಫಿಗರ್ ಮಾಡ್ರಿ" ಅನ್ನಬೇಡಿ.

ಬೆಳಗಾವಿ ಮಳೆಗಾಲಕ್ಕೆ ಇದರ ಉಲ್ಟಾ. ಅರ್ಧ ಖಾಲಿ ಟಾಕಿಯಲ್ಲಿ ತೇವದ ಗಾಳಿ ತುಂಬಿಕೊಂಡು ಒಳಗೆ ಬೆವರುತ್ತದೆ, ತಗಡು ಟಾಕಿಗೆ ತುಕ್ಕು ಹಿಡಿಯುತ್ತದೆ. ಮುಕ್ಕಾಲಿಗಿಂತ ಮೇಲೆ ಇರಲಿ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ, ಗಾಡಿ ತೊಳೆಯುವಾಗ ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಗಾಡಿ ತಿಂಗಳಿಗೊಮ್ಮೆ ಮಾತ್ರ ಹೊರಗೆ ಬರುವುದಾದರೆ, ಹದಿನೈದು ದಿನಕ್ಕೊಮ್ಮೆ ಆದರೂ ಇಪ್ಪತ್ತು ಕಿಲೋಮೀಟರ್ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಲಾಭ ಕಡಿಮೆ. ಮೂರು ನಾಲ್ಕು ತಿಂಗಳು ನಿಲ್ಲಿಸಿ ಹೋಗುವುದಿದ್ದರೆ ಕಾರ್ಬುರೇಟರ್ ಖಾಲಿ ಮಾಡಿಸಿ ಹೋಗಿ. ವಾಪಸ್ ಬಂದಾಗ ಹಳೆ ಪೆಟ್ರೋಲ್ ಬಣ್ಣಗೆಟ್ಟು ಹುಳಿ ವಾಸನೆ ಬರುತ್ತಿದ್ದರೆ ಅದರ ಮೇಲೆ ಹೊಸದು ಸುರಿಯಬೇಡಿ, ಪೂರ್ತಿ ತೆಗೆಸಿ.

9. ಟಾಕಿಗೆ ಹಾಕಬಾರದ ವಸ್ತುಗಳು

ಸೀಮೆಎಣ್ಣೆ ಬೇಡ. ಆಕ್ಟೇನ್ ಬೀಳುತ್ತದೆ, ಹೊಗೆ ಬರುತ್ತದೆ. ಟೂ-ಸ್ಟ್ರೋಕ್ ಆಯಿಲ್ ಬೇಡ, ನಿಮ್ಮದು ಲೂನಾ ಅಲ್ಲ. "ಆಕ್ಟೇನ್ ಬೂಸ್ಟರ್" ಬಾಟಲಿ ಯಾಕೆ ಬೇಡ ಅಂತ ಎರಡನೇ ಹಂತದಲ್ಲೇ ಹೇಳಿದೆ. 100 ಆಕ್ಟೇನ್ ಪೆಟ್ರೋಲ್ ಅಂತೂ ರೇಸ್ ಗಾಡಿಯವರಿಗೆ ಬಿಡಿ.

ಇನ್ನೊಂದು ಹೊಸ ಅಪಾಯ ಇದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸೇರಿ ಐದು ರಾಜ್ಯಗಳ 183 ಪಂಪ್‌ಗಳಲ್ಲಿ ಎಥೆನಾಲ್ 100 ಅನ್ನುವ ಇಂಧನ ಶುರುವಾಯಿತು. ಅದು ಫ್ಲೆಕ್ಸ್-ಫ್ಯೂಯಲ್ ಗಾಡಿಗೆ ಮಾತ್ರ, ಅಂದರೆ ಎಷ್ಟು ಎಥೆನಾಲ್ ಬಂದರೂ ಸಂಭಾಳಿಸುವ ಹಾಗೆ ಕಟ್ಟಿದ ಎಂಜಿನ್‌ಗೆ. ಅಗ್ಗ ಅಂತ ಸ್ವಲ್ಪ ಬೆರೆಸಿ ನೋಡೋಣ ಅನ್ನುವ ಯೋಚನೆ ಬಂದರೆ ಅಲ್ಲೇ ಬಿಡಿ.

ತಪ್ಪಿ ಡೀಸೆಲ್ ಹಾಕಿದರೆ ಕೀ ತಿರುಗಿಸಲೇಬೇಡಿ. ಗಾಡಿಯನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಟಾಕಿ ಖಾಲಿ ಮಾಡಿಸಿ, ಆಮೇಲೆ ಮುಂದಿನ ಮಾತು.

ಓಮ್ನಿಯವರಿಗೆ ಕಡೆಯದಾಗಿ. ಪೆಟ್ರೋಲ್ ಉಳಿಸಲು ಅಡುಗೆ ಗ್ಯಾಸ್ ಸಿಲಿಂಡರ್ ಹಿಂದಿನ ಸೀಟಿನ ಕೆಳಗೆ ಇಟ್ಟು ಪೈಪು ಎಳೆಯುವ ಚಾಳಿ ನಮ್ಮ ಭಾಗದಲ್ಲಿ ಇನ್ನೂ ಹೋಗಿಲ್ಲ. ಕಾನೂನು ಒಪ್ಪುವುದಿಲ್ಲ, ವಿಮೆ ಬರುವುದಿಲ್ಲ, ಆ ಗಾಡಿಯಲ್ಲಿ ಬೆಳಗ್ಗೆ ಎಂಟಕ್ಕೆ ಶಾಲೆ ಮಕ್ಕಳು ಕೂತಿರುತ್ತಾರೆ. ಗ್ಯಾಸೇ ಬೇಕಿದ್ದರೆ ಅನುಮತಿ ಇರುವ ಕಿಟ್ ಹಾಕಿಸಿ, ಆರ್‌ಟಿಒದಲ್ಲಿ ಆರ್‌ಸಿ ಮೇಲೆ ಬರೆಸಿ. ಇಲ್ಲದಿದ್ದರೆ ನಾಲ್ಕನೇ ಹಂತಕ್ಕೆ ಹೋಗಿ, ಇವತ್ತೇ ಟಾರ್ಚ್ ಹಿಡಿದು ಪೈಪು ನೋಡಿ. ಹೊಸ ಪೈಪು ಹಾಕಿಸಿದ ಮೇಲೆ ಬಿಳಿ ಬಣ್ಣದಲ್ಲಿ ಅದರ ಮೇಲೆ ತಿಂಗಳು, ವರ್ಷ ಬರೆದಿಡಿ, ಐದು ವರ್ಷ ಕಳೆದ ಮೇಲೆ ಮತ್ತೆ ಬದಲಾಯಿಸಲು ಗುರುತು ಇರುತ್ತದೆ.